ತುಂಬಿದ ಗುಳಿ, ಬರಿದಾದ ಮಣೆ

ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಮಧ್ಯಾಹ್ನ ನಮ್ಮ ಮನೆಯ ಅಟ್ಟದಿಂದ ಅಳಗುಳಿ ಮಣೆ ಕೆಳಗಿಳಿಯಿತು. ಅಜ್ಜಿ ಹೋದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹಲಸಿನ ಮರದ ಮಣೆ. ಆಚೆ ಏಳು, ಈಚೆ ಏಳು ಗುಳಿ. ಮಳೆಯಿಂದಾಗಿ ಶಾಲೆಗೆ ರಜೆ ಸಿಕ್ಕಿದ್ದ ತಂಗಿಯ ಮಗಳು, ‘ಮಾಮ, ಇದನ್ನ ಹೇಗೆ ಆಡೋದು?’ ಎಂದಳು. ನನಗೆ ಅರ್ಧಂಬರ್ಧ ನೆನಪು. ಎಷ್ಟು ಬೀಜ ಹಾಕಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಪಕ್ಕದ ಗುಳಿ ಬಾಚಿಕೊಳ್ಳಬೇಕು ಎಂಬುದೆಲ್ಲ ಅಜ್ಜಿಯ ಜೊತೆಗೇ ಹೋಗಿತ್ತು. ಮರೆತ ಆಟವನ್ನು ತಪ್ಪುತಪ್ಪಾಗಿ ಆಡಿಸುವ ಬದಲು, ಡಬ್ಬಿಯ ಹುಣಸೆಬೀಜ ಸುರಿದುಕೊಂಡು ಬೇರೊಂದು ಆಟ ಕಟ್ಟಿದೆ.

ಒಂದು ಬದಿಯ ಏಳು ಗುಳಿ ಸಾಕು. ನಿಯಮ ಎರಡೇ. ಒಂದು ಗುಳಿಯಲ್ಲಿ ಒಂದೇ ಬೀಜ ನಿಲ್ಲಬಹುದು. ಎರಡನೆಯದು ಬಿದ್ದರೆ ಎರಡನ್ನೂ ಎತ್ತಿ, ಒಂದನ್ನು ಡಬ್ಬಿಗೆ ಹಾಕಿ, ಇನ್ನೊಂದನ್ನು ಮುಂದಿನ ಗುಳಿಗೆ ದಾಟಿಸಬೇಕು. ಅಲ್ಲೂ ಮೊದಲೇ ಒಂದು ಕೂತಿದ್ದರೆ ಮತ್ತೆ ಹಾಗೆಯೇ. ಏಳನೆಯ ಗುಳಿಯಿಂದ ದಾಟುವ ಬೀಜ ಮಾತ್ರ ಹೊರಗೆ ಹೋಗದೆ, ಸುತ್ತಿಬಂದು ಮೊದಲನೆಯ ಗುಳಿಗೇ ಬೀಳಬೇಕು. ಅಳಗುಳಿ ಮಣೆ ಆಡಿದವರಿಗೆ ಬೀಜ ಸುತ್ತಿಬರುವುದು ಹೊಸದೇನಲ್ಲ.

ಅವಳು ಮೊದಲ ಗುಳಿಗೆ ಒಂದೊಂದೇ ಬೀಜ ಹಾಕುತ್ತ, ಎಣಿಸುತ್ತ ಹೋದಳು. ನಾನು ನೋಡುತ್ತ ಕುಳಿತೆ. ಹಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ನನ್ನ ತಲೆಯೊಳಗೆ ಇನ್ನೊಂದು ಮಣೆ ಬಿಚ್ಚಿಕೊಂಡಿತು. ಅದರಲ್ಲಿ ಗುಳಿಗಳು ಏಳಲ್ಲ, ನೂರಿಪ್ಪತ್ತೇಳು.

*

ಊಟಕ್ಕೆ ಎಲೆ ಹಾಕುವವರಿಗೆ ಅವಿಭಾಜ್ಯ ಸಂಖ್ಯೆಯ ಫಜೀತಿ ಗೊತ್ತಿರುತ್ತದೆ. ಹನ್ನೆರಡು ಮಂದಿ ಬಂದರೆ ಮೂರು ಪಂಕ್ತಿಯಲ್ಲೋ ನಾಲ್ಕು ಪಂಕ್ತಿಯಲ್ಲೋ ಸಮನಾಗಿ ಕೂರಿಸಬಹುದು. ಹದಿಮೂರು ಮಂದಿ ಬಂದರೋ, ಒಂದೇ ಉದ್ದನೆಯ ಸಾಲು. ಇಲ್ಲದಿದ್ದರೆ ಯಾರಾದರೊಬ್ಬರು ಪಂಕ್ತಿ ತಪ್ಪುತ್ತಾರೆ. ಹೀಗೆ ಸಮಪಂಕ್ತಿಗೆ ಒಗ್ಗದವು 2, 3, 5, 7, 11, 13, 17 ಮುಂತಾದ ಸಂಖ್ಯೆಗಳು. ಒಂದನ್ನು ಬಿಟ್ಟರೆ ಮಿಕ್ಕವೆಲ್ಲ ಇವುಗಳನ್ನು ಒಂದಕ್ಕೊಂದು ಗುಣಿಸಿದಾಗ ಹುಟ್ಟುವಂಥವು. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ತೋರಿಸಿದ. ಆದರೆ ಕೊನೆಯಿಲ್ಲ ಎಂದು ಹೇಳುವುದು ಬೇರೆ, ಆ ಗುಂಪಿನಿಂದ ದೊಡ್ಡದೊಂದನ್ನು ಬೆರಳಿಟ್ಟು ‘ಇಗೋ ಇದು’ ಎಂದು ತೋರಿಸುವುದು ಬೇರೆ.

ನನ್ನ ಮನಸ್ಸಿನ ಮಣೆಗೆ ಸೇರಿದ ಸಂಖ್ಯೆಯನ್ನು ಹೇಳುವುದು ಸುಲಭ. ನೂರಿಪ್ಪತ್ತೇಳು ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆಯಿರಿ. ಬರೆಯುವುದು ಮಾತ್ರ ಸ್ವಲ್ಪ ಉದ್ದ:

17,01,41,18,34,60,46,92,31,73,16,87,30,37,15,88,41,05,727

ಒಟ್ಟು 39 ಅಂಕಿ. ಇದನ್ನು ಬಾಯಿಬಿಟ್ಟು ಓದಬೇಕೆಂದರೆ ಸ್ಥಾನಗಳಿಗೆ ಹೆಸರು ಬೇಕು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಹಿಡಿದು 24 ಸ್ಥಾನಗಳಿಗೆ ಹೆಸರು ಹೇಳಿದ. ಖರ್ವ, ಪದ್ಮ, ಶಂಖ, ಕ್ಷಿತಿಗಳನ್ನು ದಾಟಿದ ಮೇಲೆ ಬರುವ ಕಟ್ಟಕಡೆಯ ಹೆಸರು ಮಹಾಕ್ಷೋಭ. ಕ್ಷೋಭೆಯೆಂದರೆ ಕಲಕು, ತಳಮಳ. ಎಣಿಸುವವನ ಎದೆ ಕಲಕಿಹೋಗುವ ಆ ಎತ್ತರದಲ್ಲಿ ಹೆಸರುಗಳ ಮೆಟ್ಟಿಲು ನಿಲ್ಲುತ್ತದೆ. ನಮ್ಮ ಸಂಖ್ಯೆ ಕೂತಿರುವುದು ಅಲ್ಲಿಂದ ಇನ್ನೂ ಹದಿನೈದು ಮೆಟ್ಟಿಲು ಮೇಲೆ.

ಹಾಗೆಂದು ದೊಡ್ಡದಾಗಿರುವುದು ಅದರ ಹೆಚ್ಚುಗಾರಿಕೆಯಲ್ಲ. ಎಂಥ ದೊಡ್ಡ ಸಂಖ್ಯೆಯೇ ಆಗಲಿ, ಒಂದು ಕೂಡಿಸಿದರೆ ಅದಕ್ಕಿಂತ ದೊಡ್ಡದು ಸಿಕ್ಕಿತು. ಇದಕ್ಕೂ ಒಂದು ಕೂಡಿಸಿ ನೋಡಿ. ಮುಂದಿನ ಮನೆಯಲ್ಲಿರುವ ಸಂಖ್ಯೆ ಬರೀ ಎರಡುಗಳಿಂದ ಕಟ್ಟಿದ್ದು. ಅರ್ಧ ಮಾಡಿ, ಅರ್ಧವನ್ನು ಮತ್ತೆ ಅರ್ಧ ಮಾಡಿ, ಹೀಗೆ ನೂರಿಪ್ಪತ್ತೇಳು ಸಲ ಒಡೆದರೆ ಒಂದಕ್ಕೆ ಇಳಿದುಬಿಡುತ್ತದೆ. ಹಿಂದಿನ ಮನೆಯದೂ ಅಷ್ಟೇ ಸಡಿಲ. 2, 3, 7, 127 ಇವೆಲ್ಲ ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ. ಪುಡಿಪುಡಿಯಾಗುವ ಈ ಇಬ್ಬರು ನೆರೆಯವರ ನಡುವೆ ಇದೊಂದು ಒಡೆಯದೆ ನಿಂತಿದೆ. ಯಾರೂ ಅದನ್ನು ಹದ ಹಾಕಿ ಗಟ್ಟಿ ಮಾಡಿದ್ದಲ್ಲ. ಮನುಷ್ಯ ಎಣಿಸುವುದನ್ನು ಕಲಿಯುವ ಮೊದಲೂ ಅದು ಒಡೆಯುತ್ತಿರಲಿಲ್ಲ, ಎಣಿಸುವವರೆಲ್ಲ ಹೋದಮೇಲೂ ಒಡೆಯುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವ ಬೆರಗು ಇದರ ನಂತರದ್ದು. ಒಡೆಯುವುದಿಲ್ಲ ಎಂದು ನಮಗೆ ಹೇಗೆ ಗೊತ್ತು?

*

ನೇರ ದಾರಿಯೇನೋ ಇದೆ. ಚಿಕ್ಕ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗುವುದು. ವರ್ಗಮೂಲದವರೆಗೆ ನೋಡಿದರೆ ಸಾಕು. ಆದರೆ ಇದರ ವರ್ಗಮೂಲವೇ 20 ಅಂಕಿಯದು. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರ ಒಂದನ್ನೂ ಬಿಡದೆ ನೋಡುತ್ತ ಹೋದರೆ ನಾನೂರು ವರ್ಷ ದಾಟುತ್ತದೆ. ಅಂಥದ್ದನ್ನು 1876ರಲ್ಲಿ, ಯಂತ್ರವೇ ಇಲ್ಲದೆ, ಫ್ರಾನ್ಸಿನ ಗಣಿತದ ಮೇಷ್ಟರೊಬ್ಬ ಅವಿಭಾಜ್ಯವೆಂದು ಹೇಳಿದ. ಅವನು ಎದುವಾರ್ ಲೂಕಾಸ್.

ಅವನಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಮೊದಲು, 1644ರಲ್ಲಿ, ಪ್ಯಾರಿಸ್ಸಿನ ಮರಾಂ ಮರ್ಸೆನ್ ಎಂಬ ಸನ್ಯಾಸಿ ಒಂದು ಪಟ್ಟಿ ಕೊಟ್ಟಿದ್ದ. ಎರಡರ ಘಾತದಿಂದ ಒಂದು ಕಳೆದಾಗ ಯಾವಾಗ ಅವಿಭಾಜ್ಯ ಸಿಗುತ್ತದೆ ಎಂಬ ಪಟ್ಟಿ. ಘಾತವು 2, 3, 5, 7, 13, 17, 19, 31, 67, 127, 257 ಆಗಿದ್ದರೆ ಸಿಗುತ್ತದೆ, 257ರವರೆಗೆ ಬೇರೆಲ್ಲೂ ಸಿಗುವುದಿಲ್ಲ ಎಂದ. ಪಟ್ಟಿಯಲ್ಲಿ ತಪ್ಪುಗಳಿದ್ದವು. 67 ಮತ್ತು 257 ಸೇರಬಾರದಿತ್ತು. 61, 89, 107 ಸೇರಬೇಕಿತ್ತು. ಆದರೂ ಈ ಬಗೆಯ ಅವಿಭಾಜ್ಯಗಳಿಗೆ ಅವನ ಹೆಸರೇ ನಿಂತಿತು. ತಪ್ಪಾದ ಪಟ್ಟಿಯೊಂದು ಮುನ್ನೂರು ವರ್ಷ ಜನರನ್ನು ಸರಿಯಾದ ಕೆಲಸಕ್ಕೆ ಹಚ್ಚಿತು. ಆ ಪಟ್ಟಿಯ 127 ಸರಿಯಾಗಿತ್ತು ಎಂದು ಹೇಳಲು ಲೂಕಾಸ್ ಬರಬೇಕಾಯಿತು.

ಲೂಕಾಸನ ದಾರಿಯಲ್ಲಿ ಭಾಜಕವನ್ನು ಹುಡುಕುವ ಕೆಲಸವೇ ಇಲ್ಲ. ಅವನು ಕಂಡುಕೊಂಡು, ಮುಂದೆ ಅಮೆರಿಕದ ಡಿ. ಎಚ್. ಲೆಹ್ಮರ್ ಚೊಕ್ಕಗೊಳಿಸಿದ ಪರೀಕ್ಷೆ ಇಷ್ಟೇ: ನಾಲ್ಕರಿಂದ ಶುರು ಮಾಡಿ. ವರ್ಗ ಮಾಡಿ, ಎರಡು ಕಳೆಯಿರಿ. ಬಂದದ್ದನ್ನು ಪರೀಕ್ಷೆಗೆ ನಿಂತ ಸಂಖ್ಯೆಯಿಂದ ಭಾಗಿಸಿ, ಶೇಷವನ್ನಷ್ಟೇ ಉಳಿಸಿಕೊಳ್ಳಿ. ಆ ಶೇಷವನ್ನು ಮತ್ತೆ ವರ್ಗ ಮಾಡಿ, ಎರಡು ಕಳೆಯಿರಿ. ಘಾತ ಯಾವ ಬೆಸ ಅವಿಭಾಜ್ಯವೋ ಅದಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಬರದಿದ್ದರೆ ಅಲ್ಲ.

ತಂಗಿಯ ಮಗಳ ಮುಂದಿದ್ದ ಏಳು ಗುಳಿಗಳಿಗೂ ಇದು ಹೊಂದುತ್ತದೆ. ಮೊದಲ ಗುಳಿಯ ಬೀಜದ ಬೆಲೆ 1, ಎರಡನೆಯದರದು 2, ಆಮೇಲೆ 4, 8, 16, 32, 64. ಏಳೂ ತುಂಬಿದರೆ 127. ಏಳು ಎರಡುಗಳ ಗುಣಲಬ್ಧದಲ್ಲಿ ಒಂದು ಕಳೆದರೂ ಅದೇ 127. ಇದು ಅವಿಭಾಜ್ಯವೇ? ನಾಲ್ಕರಿಂದ ಹೊರಡೋಣ. 4ರ ವರ್ಗ 16, ಎರಡು ಕಳೆದರೆ 14. ಅದರ ವರ್ಗದಲ್ಲಿ ಎರಡು ಕಳೆದರೆ 194, ಶೇಷ 67. ಮುಂದಿನ ಸಲ 42. ಅದರ ಮುಂದೆ 111. ಐದನೆಯ ಸಲಕ್ಕೆ ಸರಿಯಾಗಿ ಸೊನ್ನೆ.

ಇದನ್ನೇ ಬೀಜಗಳಲ್ಲಿ ನೋಡಿದರೆ ಇನ್ನೂ ಚೆಂದ. ಮೊದಲು ಮೂರನೆಯ ಗುಳಿಯಲ್ಲಿ ಒಂಟಿ ಬೀಜ. ಆಮೇಲೆ ಎರಡು, ಮೂರು, ನಾಲ್ಕನೆಯ ಗುಳಿಗಳಲ್ಲಿ ಒಂದೊಂದು. ಆಮೇಲೆ ಬೀಜಗಳು ಚದುರಿ ಎರಡು ತುದಿಗೆ ಸರಿಯುತ್ತವೆ. ಆಮೇಲೆ ಒಂದು ಬಿಟ್ಟು ಒಂದು ಗುಳಿಯಲ್ಲಿ ಕೂರುತ್ತವೆ. ಆಮೇಲೆ ಐದನೆಯದೊಂದನ್ನು ಬಿಟ್ಟು ಎಲ್ಲ ಗುಳಿಯೂ ತುಂಬುತ್ತದೆ. ಮತ್ತೊಂದು ಸುತ್ತಿಗೆ ಸೊನ್ನೆ. ನಡುವೆ ಇದರಲ್ಲಿ ಯಾವ ಲಯವೂ ಇದ್ದಂತೆ ಕಾಣುವುದಿಲ್ಲ. ಗಾಳಿಗೆ ಸಿಕ್ಕಿದ ತರಗೆಲೆಯ ಹಾಗೆ ಓಡಾಡುವ ಸಂಖ್ಯೆಗಳು ಹೇಳಿದ ಹೊತ್ತಿಗೆ ಬಂದು ಹೇಳಿದ ಬಾಗಿಲನ್ನೇ ತಟ್ಟುತ್ತವೆ.

ಭಾಗಾಕಾರ ಎಲ್ಲಿ ಹೋಯಿತು? ಅದನ್ನು ಮಣೆಯೇ ಮಾಡುತ್ತದೆ. ಏಳನೆಯ ಗುಳಿ ದಾಟಿದ ಬೀಜದ ಬೆಲೆ 128 ಆಗಬೇಕಿತ್ತು. 127ರಿಂದ ಭಾಗಿಸಿದರೆ ಶೇಷ ಒಂದು. ಆದ್ದರಿಂದ ಅದು ಸುತ್ತಿಬಂದು ಒಂದರ ಗುಳಿಗೆ ಬೀಳುವುದು ಆಟದ ನಿಯಮವೂ ಹೌದು, ಗಣಿತವೂ ಹೌದು. ಎರಡರಿಂದ ಗುಣಿಸಬೇಕೇ? ಪ್ರತಿ ಬೀಜವನ್ನೂ ಒಂದು ಗುಳಿ ಮುಂದಕ್ಕೆ ಸರಿಸಿದರಾಯಿತು. ಲೂಕಾಸ್ ಕೂಡ ಇಂಥ ಲೆಕ್ಕವನ್ನು ಚದುರಂಗದ ಹಾಸಿನಂಥ ಮನೆಗಳ ಮೇಲೆ ಕಾಯಿ ಇಟ್ಟು ಮಾಡುವ ಬಗೆಯನ್ನು ವಿವರಿಸಿದ್ದ. ಕಾಯಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ನೂರಿಪ್ಪತ್ತೇಳು ಗುಳಿಯ ಮಣೆಯಲ್ಲಿ ನೂರಿಪ್ಪತ್ತೈದು ಸಲ ವರ್ಗ ಮಾಡಿದರೆ ನಮ್ಮ 39 ಅಂಕಿಯ ಸಂಖ್ಯೆಯ ತೀರ್ಪು ಹೊರಬೀಳುತ್ತದೆ. ತಾಳ್ಮೆ ಬೇಕು, ಬೆಳಕು ಬೇಕು, ಕೈ ತಪ್ಪಬಾರದು. ನಾನೂರು ವರ್ಷ ಬೇಡ.

*

ಇಲ್ಲಿ ಒಂದು ವಿಚಿತ್ರವಿದೆ. ಈ ಪರೀಕ್ಷೆ ಸೊನ್ನೆಗೆ ಬರದಿದ್ದಾಗ ಸಂಖ್ಯೆ ಒಡೆಯುತ್ತದೆ ಎಂದು ಹೇಳುತ್ತದೆ, ಯಾವ ತುಂಡುಗಳಾಗಿ ಎಂದು ಹೇಳುವುದಿಲ್ಲ. ಮರ್ಸೆನ್ನನ ಪಟ್ಟಿಯ 67ಕ್ಕೆ ಆದದ್ದು ಇದೇ. ಆ ಘಾತ ಕೊಡುವ ಸಂಖ್ಯೆ ಅವಿಭಾಜ್ಯವಲ್ಲ ಎಂದು ಲೂಕಾಸ್ 1876ರಲ್ಲೇ ತೋರಿಸಿದ. ತುಂಡುಗಳು ಮಾತ್ರ ಸಿಗಲಿಲ್ಲ. 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ಸೇರಿದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಕಪ್ಪುಹಲಗೆಯ ಬಳಿ ಹೋಗಿ ಒಂದು ಕಡೆ 67 ಎರಡುಗಳನ್ನು ಗುಣಿಸಿ ಒಂದು ಕಳೆದ. ಇನ್ನೊಂದು ಕಡೆ 193707721 ಮತ್ತು 761838257287 ಎರಡನ್ನೂ ಗುಣಿಸಿದ. ಎರಡು ಕಡೆಯೂ 147573952589676412927. ಒಂದೂ ಮಾತಾಡದೆ ತನ್ನ ಜಾಗಕ್ಕೆ ಹೋಗಿ ಕೂತನೆಂದು, ಸಭೆ ಚಪ್ಪಾಳೆ ತಟ್ಟಿತೆಂದು ಗಣಿತದವರು ಇವತ್ತಿಗೂ ಕಥೆ ಹೇಳುತ್ತಾರೆ.

ಲೂಕಾಸನಿಗೂ ಕೋಲ್‌ಗೂ ನಡುವೆ ಇಪ್ಪತ್ತೇಳು ವರ್ಷ. ಅಷ್ಟೂ ಕಾಲ ಜಗತ್ತಿಗೆ ಆ ಸಂಖ್ಯೆ ಒಡೆಯುತ್ತದೆ ಎಂಬುದು ಗೊತ್ತಿತ್ತು, ಹೇಗೆ ಎಂಬುದು ಗೊತ್ತಿರಲಿಲ್ಲ. ನಮ್ಮ ದಿನನಿತ್ಯದ ತಿಳಿವಳಿಕೆ ಹೀಗಿರುವುದಿಲ್ಲ. ಮಡಕೆ ಬಿರುಕು ಬಿಟ್ಟಿದೆ ಎನ್ನಬೇಕಾದರೆ ಬಿರುಕನ್ನು ಕಂಡಿರಬೇಕು. ಆದರೆ ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ನೋಡಿದ್ದೀರಲ್ಲ. ಅವರು ಬಿರುಕು ಹುಡುಕುವುದಿಲ್ಲ, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಬಿರುಕಿನದು ಬೊದ್ದು ಸದ್ದು ಕೊಡುತ್ತದೆ. ಲೂಕಾಸ್ ಮಾಡಿದ್ದೂ ಅದನ್ನೇ. 39 ಅಂಕಿಯ ಮಡಕೆಯನ್ನು ನೂರಿಪ್ಪತ್ತೈದು ಸಲ ತಟ್ಟಿ ಕಿವಿಯಿಟ್ಟು ಕೇಳಿದ. ಕುಂಬಾರನ ಮಡಕೆಯಾದರೆ ಮುಂದೆಂದೋ ಒಡೆದೀತು. ಈ ನಾದಕ್ಕೆ ಆ ಭಯವಿಲ್ಲ.

ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯವೆಂಬ ಈ 39 ಅಂಕಿಯ ಸಂಖ್ಯೆಯ ದಾಖಲೆ ಎಪ್ಪತ್ತೈದು ವರ್ಷ ಹಾಗೇ ನಿಂತಿತು. 1951ರಲ್ಲಿ ಮೇಜಿನ ಮೇಲಿನ ಲೆಕ್ಕದ ಯಂತ್ರವೊಂದರ ನೆರವಿನಿಂದ 44 ಅಂಕಿಯ ಅವಿಭಾಜ್ಯ ಸಿಕ್ಕಿತು. ಅದೇ ವರ್ಷ ಕೇಂಬ್ರಿಜ್ಜಿನ ಎಡ್ಸಾಕ್ ಕಂಪ್ಯೂಟರು 79 ಅಂಕಿಯದನ್ನು ತಂದಿತು. ಅಲ್ಲಿಂದಾಚೆಗೆ ಓಟ ಯಂತ್ರಗಳದ್ದು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಅದು. ಅಂಥದ್ದನ್ನು ಖಚಿತಪಡಿಸುವಾಗಲೂ ಕೊನೆಗೆ ಮಾಡುವುದು ವರ್ಗ ಮಾಡಿ ಎರಡು ಕಳೆಯುವ ಅದೇ ಕೆಲಸ. ಮಣೆ ಉದ್ದವಾಯಿತು, ಕೈ ಬದಲಾಯಿತು, ಆಟ ಅದೇ.

*

ಲೂಕಾಸನಿಗೆ ಆಟವೆಂದರೆ ಪ್ರಾಣ. ‘ಹನೋಯ್ ಗೋಪುರ’ ಎಂಬ ಆಟಿಕೆಯನ್ನು 1883ರಲ್ಲಿ ಹೊರತಂದವನು ಅವನೇ. ಮೂರು ಗೂಟ, ಒಂದರ ಮೇಲೊಂದು ಕೂರುವ ಬಿಲ್ಲೆಗಳು. ದೊಡ್ಡದನ್ನು ಚಿಕ್ಕದರ ಮೇಲೆ ಇಡದೆ, ಒಂದೊಂದಾಗಿ ಎಲ್ಲವನ್ನೂ ಇನ್ನೊಂದು ಗೂಟಕ್ಕೆ ಸಾಗಿಸಬೇಕು. ಪೆಟ್ಟಿಗೆಯ ಮೇಲೆ ತನ್ನ ಹೆಸರು ಹಾಕದೆ, ‘ಲೂಕಾಸ್ ದಾಮಿಯಾಂ’ ಎಂಬ ಹೆಸರು-ಊರಿನ ಅಕ್ಷರಗಳನ್ನೇ ಕಲಸಿ ‘ಎನ್. ಕ್ಲಾಸ್ ದ ಸಿಯಾಂ’ ಎಂಬ ಪಂಡಿತನೊಬ್ಬನನ್ನು ಹುಟ್ಟಿಸಿದ. ಈ ಆಟಿಕೆಯ ಬೆನ್ನಿಗೇ ಹುಟ್ಟಿದ ಕಥೆ ನಡೆಯುವುದು ನಮ್ಮ ಕಾಶಿಯಲ್ಲಿ. ಅಲ್ಲಿನ ಗುಡಿಯೊಂದರಲ್ಲಿ ಅರ್ಚಕರು ಹಗಲಿರುಳು 64 ಚಿನ್ನದ ಬಿಲ್ಲೆಗಳನ್ನು ಸಾಗಿಸುತ್ತಿದ್ದಾರಂತೆ, ಮುಗಿದ ದಿನ ಜಗತ್ತೂ ಮುಗಿಯುತ್ತದಂತೆ. ಸೆಕೆಂಡಿಗೊಂದರಂತೆ ಸಾಗಿಸಿದರೂ ಸುಮಾರು 58,000 ಕೋಟಿ ವರ್ಷ ಬೇಕು, ಗಾಬರಿಯಿಲ್ಲ.

ಏಳು ಬಿಲ್ಲೆಗಳಿದ್ದರೆ ಎಷ್ಟು ನಡೆ ಬೇಕು? ಸರಿಯಾಗಿ 127. ನೂರಿಪ್ಪತ್ತೇಳು ಬಿಲ್ಲೆಗಳಿದ್ದರೆ? ನಮ್ಮ 39 ಅಂಕಿಯ ಸಂಖ್ಯೆ. ಅವಿಭಾಜ್ಯವೆಂದು ತಾನು ಸಾಧಿಸಿದ ಸಂಖ್ಯೆಯ ಕುಲವನ್ನೇ ಲೂಕಾಸ್ ಮಕ್ಕಳ ಆಟಿಕೆಯಲ್ಲಿ ಅಡಗಿಸಿಟ್ಟ. ಗೊತ್ತಿದ್ದೇ ನಗುತ್ತ ಇಟ್ಟಿರಬೇಕು ಎಂದು ನನ್ನ ಊಹೆ.

ಆ ಕುಲದ ವಂಶಾವಳಿಯನ್ನು ಬರೆದವನು ಅದೇ ಕಾಲದ ಎಜೆನ್ ಕತಲಾನ್. ಎರಡು ಎರಡುಗಳನ್ನು ಗುಣಿಸಿ ಒಂದು ಕಳೆದರೆ 3. ಮೂರು ಎರಡುಗಳನ್ನು ಗುಣಿಸಿ ಒಂದು ಕಳೆದರೆ 7. ಏಳು ಎರಡುಗಳಿಂದ 127. ನೂರಿಪ್ಪತ್ತೇಳು ಎರಡುಗಳಿಂದ ನಮ್ಮ ಸಂಖ್ಯೆ. ಎಲ್ಲವೂ ಅವಿಭಾಜ್ಯ. ತಾಯಿಯ ಹೊಟ್ಟೆಯಿಂದ ಮಗಳು, ಮಗಳ ಹೊಟ್ಟೆಯಿಂದ ಮೊಮ್ಮಗಳು. ಮುಂದಿನ ತಲೆಮಾರು? ನಮ್ಮ ಸಂಖ್ಯೆ ಎಷ್ಟೋ ಅಷ್ಟು ಎರಡುಗಳನ್ನು ಗುಣಿಸಿ ಒಂದು ಕಳೆಯಬೇಕು. ಅದರಲ್ಲಿ ಎಷ್ಟು ಅಂಕಿಗಳಿವೆ ಎಂದು ಬರೆಯುವುದಕ್ಕೇ 38 ಅಂಕಿ ಬೇಕು. ಆ ಅಂಕಿಗಳನ್ನು ಬರೆದಿಡಲು ಭೂಮಿಯ ಮೇಲಿನ ಕಾಗದವೂ ಸಾಲದು, ಯಂತ್ರದ ನೆನಪೂ ಸಾಲದು. ಲೂಕಾಸನ ಪರೀಕ್ಷೆ ಅಲ್ಲಿಗೂ ಅನ್ವಯಿಸುತ್ತದೆ. ಆಡುವುದಕ್ಕೆ ಮಣೆಯೇ ಇಲ್ಲ. ಮರಿಮಗಳವರೆಗೆ ಮುಖ ನೋಡಿದ್ದೇವೆ, ಅವಳ ಮಗಳು ಬಾಗಿಲ ಹಿಂದೆ ನಿಂತಿದ್ದಾಳೆ.

ಯೂಕ್ಲಿಡ್ ಕೊಟ್ಟ ಇನ್ನೊಂದು ಆಸ್ತಿಯೂ ಈ ಕುಲಕ್ಕಿದೆ. ತುಂಬಿದ ಸಾಲಿನ ಮೊತ್ತವನ್ನು ಕೊನೆಯ ಗುಳಿಯ ಬೆಲೆಯಿಂದ ಗುಣಿಸಿ. ಮೂರು ಗುಳಿಗೆ ಏಳು ನಾಲ್ಕಲೆ 28. ಇಪ್ಪತ್ತೆಂಟನ್ನು ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳು 1, 2, 4, 7, 14. ಕೂಡಿಸಿದರೆ ಮತ್ತೆ 28. ಇಂಥವು ಪರಿಪೂರ್ಣ ಸಂಖ್ಯೆಗಳು. ಏಳು ಗುಳಿಗೆ 127ನ್ನು 64ರಿಂದ ಗುಣಿಸಿದರೆ 8128, ಅದೂ ಪರಿಪೂರ್ಣ. ನೂರಿಪ್ಪತ್ತೇಳು ಗುಳಿಗೆ 77 ಅಂಕಿಯ ಒಂದು ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಒಡೆಯದ ಒಂದು ಸಂಖ್ಯೆಯ ಪಕ್ಕದಲ್ಲೇ, ತನ್ನ ತುಂಡುಗಳನ್ನೆಲ್ಲ ಕೂಡಿಸಿದರೆ ತಾನೇ ಆಗುವ ಇನ್ನೊಂದು ಕೂತಿದೆ.

ಲೂಕಾಸ್ 1891ರಲ್ಲಿ ತೀರಿಕೊಂಡ. ಔತಣಕೂಟವೊಂದರಲ್ಲಿ ಬಡಿಸುವವನ ಕೈಯಿಂದ ಪಿಂಗಾಣಿ ಜಾರಿ ಬಿತ್ತು. ಚೂರೊಂದು ಸಿಡಿದು ಇವನ ಕೆನ್ನೆಗೆ ತಾಗಿತು. ಗಾಯ ನಂಜಾಗಿ ಕೆಲವೇ ದಿನಗಳಲ್ಲಿ ಪ್ರಾಣ ಹೋಯಿತು. ವಯಸ್ಸು 49. ಒಡೆಯದ್ದನ್ನು ಕಂಡವನನ್ನು ಒಡೆದ ತಟ್ಟೆಯೊಂದು ಕೊಂಡೊಯ್ದಿತು. ಇದರಿಂದ ನೀತಿ ತೆಗೆಯಲು ನನಗೆ ಮನಸ್ಸಿಲ್ಲ. ಹುಣಸೆಬೀಜಕ್ಕೂ ಅಜ್ಜಿಗೂ ಇದ್ದ ವ್ಯತ್ಯಾಸವೂ ಅಷ್ಟೇ. ಬೀಜ ಡಬ್ಬಿಯಲ್ಲಿ ಹಾಗೇ ಇತ್ತು.

*

‘ನೂರಿಪ್ಪತ್ತಾರು, ನೂರಿಪ್ಪತ್ತೇಳು’ ಎಂದಳು ತಂಗಿಯ ಮಗಳು. ನೋಡಿದರೆ ಏಳು ಗುಳಿಯಲ್ಲೂ ಒಂದೊಂದು ಬೀಜ. ಎಲ್ಲೂ ಜಾಗವಿಲ್ಲ. ಗೆದ್ದವಳ ಮುಖ ಮಾಡಿ ನನ್ನ ಕಡೆ ತಿರುಗಿದಳು. ‘ಇನ್ನೊಂದು ಹಾಕು’ ಎಂದೆ.

ಹಾಕಿದಳು. ಮೊದಲ ಗುಳಿಯಲ್ಲಿ ಎರಡಾಯಿತು. ಒಂದು ಡಬ್ಬಿಗೆ, ಒಂದು ಮುಂದಕ್ಕೆ. ಅಲ್ಲೂ ಎರಡಾಯಿತು. ಒಂದು ಡಬ್ಬಿಗೆ, ಒಂದು ಮುಂದಕ್ಕೆ. ಅವಳ ಬೆರಳು ಸರಸರ ಓಡಿತು. ಹಿಂದೆ ಹಿಂದೆ ಗುಳಿಗಳು ಬರಿದಾಗುತ್ತ ಬಂದವು. ಏಳನೆಯದನ್ನು ದಾಟಿದ ಬೀಜ ಸುತ್ತಿಬಂದು ಮೊದಲನೆಯ ಗುಳಿಗೆ ಬಿತ್ತು. ಅಷ್ಟು ಹೊತ್ತು ತುಂಬಿಸಿದ ಮಣೆಯಲ್ಲಿ ಒಂದೇ ಒಂದು ಬೀಜ.

127ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳುವ ಲೋಕದಲ್ಲಿ ಎಲ್ಲ ತುಂಬಿರುವುದಕ್ಕೂ ಏನೂ ಇಲ್ಲದಿರುವುದಕ್ಕೂ ಬೆಲೆ ಒಂದೇ. ಲೂಕಾಸ್ ಕಾದು ಕೂತಿದ್ದ ಸೊನ್ನೆ ಇದೇ. ಅದು ಮಣೆಯ ಮೇಲೆ ಬರಿದಾಗಿಯೂ ಬರಬಹುದು, ತುಂಬಿ ತುಳುಕಿಯೂ ಬರಬಹುದು. ಇದನ್ನು ಆರನೆಯ ತರಗತಿಯವಳಿಗೆ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ.

ಅವಳು ಆ ಒಂಟಿ ಬೀಜವನ್ನು ಎತ್ತಿ, ಬೆರಳ ನಡುವೆ ತಿರುಗಿಸಿ ನೋಡಿದಳು. ‘ಮಾಮ, ಲೆಕ್ಕಕ್ಕೆ ಇದು ನಾನು ಈಗಷ್ಟೇ ಹಾಕಿದ್ದು ಅಲ್ವಾ? ಮೊದಲು ಮಣೆ ಖಾಲಿಯೇ ಇತ್ತೇನೋ ಅನ್ನೋ ಹಾಗೆ.’